ಬಂಗುಡೆಯ ಸಮುದ್ರ ಪರೀಕ್ಷೆ

ಬೀದಿಯಿಂದ ಎತ್ತಿ ತಂದ ನಾಯಿಗೆ ನನ್ನ ಹೆಂಡತಿ ನಿಶ್ಮಿತಾ 'ಬಂಗುಡೆ' ಎಂದು ನಾಮಕರಣ ಮಾಡಿದ್ದಕ್ಕೆ ಕಾರಣ ಇಷ್ಟೇ: ಅದು ಒಳಗೆ ಕಾಲಿಟ್ಟ ಕೂಡಲೇ ನನ್ನ ಪಾಲಿನ ಬಂಗುಡೆ ಮೀನಿನ ಫ್ರೈ ಖಾಲಿ ಮಾಡಿತು. ಆಮೇಲೆ ಸೋಫಾವನ್ನೂ ವಶಪಡಿಸಿಕೊಂಡಿತು. ಆ ಸೋಫಾ ನನ್ನದು ಸ್ವಾಮಿ! ದೋಹಾದ ಪಕ್ಕದ ಅಲ್ ವಕ್ರಾದ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ನನಗೆ ಎದುರು ಮಾತಾಡದ ಏಕೈಕ ಜೀವ ಅದು.

"ಇದನ್ನು ಝಕರಿಯಾಕನಿಗೆ ಕೊಡುವ," ಎಂದೆ. (ಝಕರಿಯಾಕ ನಮ್ಮೂರಿನವರು. ದೋಹಾದಾಚೆ ಒಂದು ತೋಟ ನೋಡಿಕೊಳ್ಳುತ್ತಾರೆ. ಕಾವಲಿಗೊಂದು ನಾಯಿ ಬೇಕು ಎಂದಿದ್ದರು.)

"ಬಂಗುಡೆ ಎಲ್ಲಿಗೂ ಹೋಗುದಿಲ್ಲ!"

ಆಗ ಹೊಳೆಯಿತು ನನಗೊಂದು ದಿವ್ಯ ಉಪಾಯ. ಸ್ನಾನದ ಬಕೆಟ್ ಕಂಡರೇ ಮಂಚದಡಿ ಸೇರುವ ನಾಯಿ ಇದು!

"ನೋಡು ಮಾರಾಯ್ತಿ, ನಾನು ಉಳ್ಳಾಲದ ಕಡಲ ಮಗ. ಸಮುದ್ರಕ್ಕೆ ಹೆದರುವವರಿಗೆ ಈ ಮನೆಯಲ್ಲಿ ಜಾಗ ಇಲ್ಲ. ಶುಕ್ರವಾರ ಬೀಚಿಗೆ ಹೋಗುವ. ನೀರಿಗೆ ಇಳಿದರೆ ಇರಲಿ. ಇಲ್ಲದಿದ್ದರೆ ಖಲಾಸ್, ತೋಟಕ್ಕೆ."

"ಯಾರು ಹೆದರಿದ್ರೂ?"

"ಯಾರು ಹೆದರಿದರೂ!" ಎಂದು ಎದೆ ತಟ್ಟಿಕೊಂಡೆ. (ಪುತ್ತೂರಿನವಳಾದ ಅವಳಿಗೆ ಮದುವೆಯಾದಾಗಿನಿಂದ ನನ್ನ ಈಜಿನ ಪ್ರತಾಪ ಹೇಳುತ್ತಾ ಬಂದಿದ್ದೇನೆ. ಊರಿನಲ್ಲಿ ನಾನು ಸಮುದ್ರ ನೋಡಿದ್ದು ಹೆಚ್ಚಾಗಿ ಬಸ್ಸಿನ ಕಿಟಕಿಯಿಂದ ಎಂಬುದು ನಮ್ಮೊಳಗೇ ಇರಲಿ.)

ಮೊದಲು ಹೋದ ಬೀಚ್ ಪಾರ್ಕಿನ ಗೇಟಿನಲ್ಲೇ ಕಾವಲುಗಾರ "ಡಾಗ್ ಮಾಫಿ!" ಎಂದು, ನಾಯಿಗೆ ಪ್ರವೇಶವಿಲ್ಲವೆಂದು ಕೈಯಾಡಿಸಿದ. ಇನ್ನೂ ದಕ್ಷಿಣಕ್ಕೆ ಕಾರು ಓಡಿಸಿ, ಜನರಿಲ್ಲದ ಒಂದು ತೀರಕ್ಕೆ ಮುಟ್ಟಿದೆವು. ಇಳಿದದ್ದೇ ಬಂಗುಡೆಗೆ ಹುಚ್ಚೇ ಹಿಡಿಯಿತು. ಮರಳಲ್ಲಿ ಉರುಳಿತು, ಏಡಿಯ ಹಿಂದೆ ಓಡಿತು, ನನ್ನ ಚಪ್ಪಲಿಯನ್ನು ಹೂತಿತು. ಅಷ್ಟರಲ್ಲಿ ಪುಟ್ಟದೊಂದು ಅಲೆ ಕಾಲಿಗೆ ತಾಗಿತು ನೋಡಿ, ಕುಂಯ್ ಎಂದು ಓಡಿ ನಿಶ್ಮಿತಾಳ ಹಿಂದೆ ಅಡಗಿತು!

"ಫೇಲ್! ಫೇಲ್!" ಎಂದು ಕುಣಿದೆ. ಅವಳ ಕಣ್ಣು ತುಂಬಿತು.

ಅಷ್ಟಕ್ಕೇ ಸುಮ್ಮನಿದ್ದರೆ ಸೋಫಾ ನನ್ನದಾಗುತ್ತಿತ್ತು. ಆದರೆ ಗೆದ್ದ ಗಂಡಸು ಸುಮ್ಮನಿರುತ್ತಾನೆಯೇ? "ಈಜುವುದು ಹೇಗೆಂದು ನಿನ್ನ ನಾಯಿಗೆ ತೋರಿಸುತ್ತೇನೆ," ಎಂದು ನೀರಿಗಿಳಿದೆ. ಇಲ್ಲಿಯ ಸಮುದ್ರ ಬಲು ಸಜ್ಜನ. ಎಷ್ಟು ನಡೆದರೂ ಮೊಣಕಾಲೇ. ಒಂದು ಕೈಯನ್ನು ನೆಲಕ್ಕೂರಿ, ಇನ್ನೊಂದನ್ನು ಬೀಸುತ್ತಾ ಭರ್ಜರಿಯಾಗಿ 'ಈಜಿದೆ'.

ಇದ್ದಕ್ಕಿದ್ದಂತೆ ಊರಿದ ಕೈಗೆ ನೆಲ ಸಿಗಲಿಲ್ಲ. ಗುಂಡಿ! ಮೂಗು ಬಾಯಿಗೆಲ್ಲ ಉಪ್ಪುನೀರು. "ಅಯ್ಯಯ್ಯೋ ನಿಶ್ಮಿತಾ, ಸತ್ತೆ!"

ಬಂದದ್ದು ಬಂಗುಡೆ. ಆ ಪುಕ್ಕಲು ನಾಯಿ ಅಲೆಗಳನ್ನೆಲ್ಲ ಹಾರಿ ಬಂದು, ನನ್ನ ಚಡ್ಡಿಯ ಎಲಾಸ್ಟಿಕ್ ಕಚ್ಚಿ ದರದರ ಎಳೆಯತೊಡಗಿತು. ಹಿಂದೆಯೇ ಓಡಿಬಂದ ನಿಶ್ಮಿತಾ ಗುಂಡಿಯಲ್ಲಿ ನಿಂತಳು. ನೀರು ಅವಳ ಸೊಂಟಕ್ಕಿತ್ತು.

"ಎಂತ ಮಾರಾಯ್ರೆ, ಎದ್ದು ನಿಲ್ಲಿ!"

ತಂದಿದ್ದ ಒಂದೇ ಟವೆಲಿನಲ್ಲಿ ಅವಳು ನಾಯಿಯನ್ನು ಒರೆಸಿದಳು. ಸ್ಟಿಯರಿಂಗ್ ಅವಳು ಹಿಡಿದಳು, ಪಕ್ಕದ ಸೀಟೂ ಅದಕ್ಕೇ ಹೋಯಿತು, ಒದ್ದೆ ಚಡ್ಡಿಯ ನಾನು ಹಿಂದೆ. ಹೊರಡುವ ಮೊದಲು ಸ್ಪೀಕರ್ ಹಾಕಿ ಫೋನ್ ಮಾಡಿದಳು.

"ಝಕರಿಯಾಕ, ನಾಯಿ ಕೊಡ್ಲಿಕ್ಕಿಲ್ಲ. ಬದಲಿಗೆ ನಮ್ಮ ಇವರನ್ನು ಕಳಿಸ್ಲಾ? ಸಮುದ್ರಕ್ಕೆ ಹೆದರುವವರಿಗೆ ನಮ್ಮ ಮನೆಯಲ್ಲಿ ಜಾಗ ಇಲ್ಲ."

ಝಕರಿಯಾಕ ಗಂಭೀರವಾಗಿ ಯೋಚಿಸಿದರು. "ತಿನ್ಲಿಕ್ಕೆ ಜಾಸ್ತಿ ಬೇಕಾಗ್ತದಾ ಅಕ್ಕ?"

ನಿಶ್ಮಿತಾ ಕನ್ನಡಿಯಲ್ಲಿ ನನ್ನ ಹೊಟ್ಟೆಯನ್ನು ನೋಡಿ ನಿಟ್ಟುಸಿರಿಟ್ಟಳು. "ಬೇಡ ಬಿಡಿ. ನಾವೇ ಇಟ್ಕೊಳ್ತೇವೆ."

ನಾವು ಎಂದರೆ ಅವಳು ಮತ್ತು ಬಂಗುಡೆ.