ನೆನಪಿನ ಗುಮಾಸ್ತರು ಮತ್ತು ಮುನ್ನೂರು ದಿಂಬು

ಸಣ್ಣ ಉದ್ದಿಮೆಯ ಜಾಲತಾಣಕ್ಕೆ ಇಡುವ ಹೆಸರು ಸುಲಭವಾಗಿ ನೆನಪಿನಲ್ಲಿ ಉಳಿಯುವಂತಿರತಕ್ಕದ್ದು ಎಂದು ನಿಯಮ ನಾಲ್ಕು ಹೇಳುತ್ತದೆ. ಯಾರ ನೆನಪಿನಲ್ಲಿ ಎಂಬ ಗೊಂದಲಕ್ಕೆ ಆಸ್ಪದವಿರಬಾರದೆಂದು ಅದರ ಎರಡನೆಯ ಉಪನಿಯಮ ಸ್ಪಷ್ಟಪಡಿಸುತ್ತದೆ: ನೆನಪಿನ ಗುಮಾಸ್ತರ ನೆನಪಿನಲ್ಲಿ. ಇವರು ಜಾಲವಿಳಾಸ ಮಂಜೂರಾತಿ ಕಚೇರಿಯ ಮೊದಲ ಮಹಡಿಯಲ್ಲಿ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕದ ಮೇಜಿನಲ್ಲಿ ಕೂರುತ್ತಾರೆ. ಸೋಮವಾರ ಅವರ ಕಿವಿಯಲ್ಲಿ ನಿಮಗೆ ಬೇಕಾದ ಹೆಸರನ್ನು ಹೇಳಬೇಕು. ಗುರುವಾರ ಮೇಲ್ವಿಚಾರಕಿಯವರು ಆ ಹೆಸರೇನೆಂದು ಅವರನ್ನು ಕೇಳುತ್ತಾರೆ. ಅವರು ಹೇಳಿದರೆ ಹೆಸರು ನಿಮ್ಮದು. ಇಷ್ಟು ಸರಳವಾದ ವ್ಯವಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗುಮಾಸ್ತರ ಆಯ್ಕೆಯೂ ಕ್ರಮಬದ್ಧವಾಗಿಯೇ ನಡೆದಿತ್ತು. ನೆನಪಿನ ಶಕ್ತಿ ಚೆನ್ನಾಗಿದ್ದವರು ಸಾರ್ವಜನಿಕರನ್ನು ಪ್ರತಿನಿಧಿಸುವುದಿಲ್ಲ ಎಂಬ ಕಾರಣಕ್ಕೆ ಅವರನ್ನೆಲ್ಲ ಮೊದಲ ಸುತ್ತಿನಲ್ಲೇ ಕೈಬಿಟ್ಟರು. ಇವರು ಪರೀಕ್ಷೆಗೆ ಬರುವುದನ್ನೇ ಮರೆತಿದ್ದರಿಂದ ಮನೆಗೇ ಹೋಗಿ ನೇಮಕದ ಆದೇಶ ಕೊಟ್ಟು ಬಂದರು. ಅಂದಿನಿಂದ ನಾಲ್ಕು ವರ್ಷಗಳಲ್ಲಿ ಕಚೇರಿ ಒಂದೇ ಒಂದು ಕೆಟ್ಟ ಹೆಸರನ್ನೂ ಮಂಜೂರು ಮಾಡಿಲ್ಲ. ಒಳ್ಳೆಯ ಹೆಸರನ್ನೂ ಮಾಡಿಲ್ಲ, ಆದರೆ ಗೋಡೆಯ ಮೇಲಿನ ಪ್ರಶಸ್ತಿ ಫಲಕದಲ್ಲಿ ಮೊದಲನೆಯದನ್ನು ಮಾತ್ರ ಬರೆದಿದ್ದಾರೆ.

ನಮ್ಮದು ದಿಂಬಿನ ಅಂಗಡಿ. ನಮ್ಮದು ಅಂದರೆ ಅತ್ತಿಗೆಯದು. ಅಣ್ಣ ತೀರಿಕೊಂಡ ಮೇಲೆ ಅವರು ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಶುರು ಮಾಡಿದರು. ನಾನು ಹತ್ತಿ ತುಂಬುತ್ತೇನೆ, ಬಿಡುವಿದ್ದಾಗ ಅರ್ಜಿ ತುಂಬುತ್ತೇನೆ. ನಾನು ಕರೆಯುವುದನ್ನು ಕೇಳಿ ಕೇಳಿ ಬೀದಿಯವರೆಲ್ಲ ಅವರನ್ನು ಅತ್ತಿಗೆ ಎಂದೇ ಕರೆಯತೊಡಗಿದರು, ಪೋಸ್ಟ್‌ಮ್ಯಾನ್ ಸಹ. ಕೊನೆಗೆ ಬೋರ್ಡಿನ ಮೇಲೂ ‘ಅತ್ತಿಗೆ ದಿಂಬು’ ಎಂದು ಬಂತು. ಬಣ್ಣ ಮಾಸಿದಾಗಲೆಲ್ಲ ಅವರೇ ಸ್ಟೂಲಿನ ಮೇಲೆ ನಿಂತು ಅಕ್ಷರ ತಿದ್ದುತ್ತಾರೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಕೈಗೆ ಕುಂಚ ಕೊಟ್ಟಿಲ್ಲ.

ಹೊಸದಾಗಿ ತೆರೆಯಲಿದ್ದ ವಿದ್ಯಾರ್ಥಿ ನಿಲಯದವರು ಮುನ್ನೂರು ದಿಂಬು ಬೇಕೆಂದರು. ನಾವು ಹಿಂದೆಮುಂದೆ ನೋಡದೆ ಹೊಲಿದೆವು. ಹೊಲಿದು ಮುಗಿದ ಮೇಲೆ ಅವರಿಂದ ಕಾಗದ ಬಂತು: ಸ್ವಂತ ಜಾಲತಾಣವಿಲ್ಲದ ಅಂಗಡಿಯಿಂದ ಏನನ್ನೂ ಕೊಳ್ಳಬಾರದೆಂಬ ನಿಯಮ ತಮ್ಮಲ್ಲಿದೆ, ತಿಂಗಳ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆ ಕಡೆ ನೋಡಿಕೊಳ್ಳುತ್ತೇವೆ. ಅಂಗಡಿಯಲ್ಲಿ ಜಾಗವಿಲ್ಲದೆ ಮುನ್ನೂರು ದಿಂಬುಗಳನ್ನೂ ಮನೆಗೆ ತಂದೆವು. ಅಡುಗೆಮನೆಯಲ್ಲಿ ಅರವತ್ತು, ನಡುಮನೆಯಲ್ಲಿ ನೂರಿಪ್ಪತ್ತು, ಉಳಿದಷ್ಟು ಅಮ್ಮನ ಕೋಣೆಯಲ್ಲಿ. ಅಮ್ಮ ಕೋಣೆಯ ಯಾವ ಮೂಲೆಯಲ್ಲಿದ್ದಾರೆಂದು ಅವರ ಕೆಮ್ಮಿನಿಂದ ಗುರುತು ಹಿಡಿಯುತ್ತಿದ್ದೆವು.

ಮೊದಲ ಸೋಮವಾರ ನಾನೇ ಹೋಗಿ ಗುಮಾಸ್ತರ ಕಿವಿಯಲ್ಲಿ ‘ಅತ್ತಿಗೆ ದಿಂಬು’ ಎಂದೆ. ಒಳ್ಳೆಯ ಹೆಸರು, ಮರೆಯುವ ಹಾಗೇ ಇಲ್ಲ ಎಂದು ಅವರು ಬೆನ್ನು ತಟ್ಟಿದರು. ಗುರುವಾರ ಮೇಲ್ವಿಚಾರಕಿಯವರು ಕೇಳಿದಾಗ ಬಹಳ ಹೊತ್ತು ಫ್ಯಾನು ನೋಡಿ, ನನ್ನ ಕಡೆ ತಿರುಗಿ, ತಾವು ಯಾರು ಎಂದು ವಿಚಾರಿಸಿದರು. ತಿರಸ್ಕೃತ ಎಂಬ ಚೀಟಿ ಸಿಕ್ಕಿತು. ಒಬ್ಬ ಅರ್ಜಿದಾರರಿಗೆ ಮೂರು ಅವಕಾಶ. ಮೂರೂ ಹೋದರೆ ಒಂದು ವರ್ಷ ಆ ಕಡೆ ತಲೆ ಹಾಕುವಂತಿಲ್ಲ.

ಮೆಟ್ಟಿಲಿನ ಬಳಿ ಒಂದು ಪ್ರಕಟಣೆ ಅಂಟಿಸಿದ್ದರು. “ನೆನಪಿನ ಗುಮಾಸ್ತರಿಗೆ ಲಂಚ ಕೊಡುವುದು ಶಿಕ್ಷಾರ್ಹ ಅಪರಾಧ. ನೆನಪಿಗೆ ಸಹಾಯಕವಾಗುವ ಸ್ಮರಣಿಕೆಗಳನ್ನು ಎರಡನೆಯ ಕೌಂಟರಿನಲ್ಲಿ ಸ್ವೀಕರಿಸಲಾಗುವುದು. ಸ್ಮರಣಿಕೆಗಳು ಸಿಬ್ಬಂದಿಯ ಸಂಖ್ಯೆಗೆ ಅನುಗುಣವಾಗಿರಲಿ.” ಸಿಬ್ಬಂದಿ ಒಂಬತ್ತು ಜನ. ಎರಡನೆಯ ಕೌಂಟರಿನಲ್ಲಿ ಆಗಲೇ ಒಂಬತ್ತು ಜೊತೆ ಬೂಟು, ಒಂಬತ್ತು ಕೊಡೆ, ಮತ್ತು ಬಡಗಿಯೊಬ್ಬರು ಹೊತ್ತು ತಂದ ಒಂಬತ್ತು ಬಾಗಿಲುಗಳಿದ್ದವು. ನಾನು ಒಂಬತ್ತು ದಿಂಬು ಕೊಟ್ಟು ರಸೀದಿ ಪಡೆದೆ. ಕಡಿಮೆಯಾದ ಒಂಬತ್ತನ್ನು ಅತ್ತಿಗೆ ಮತ್ತೆ ಹೊಲಿದರು, ಹೊಲಿಯುವಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದರು.

ಗುಮಾಸ್ತರು ಸೋಮವಾರ ನಮ್ಮ ಹೆಸರನ್ನು ಕೇಳಿಸಿಕೊಂಡು, ದಿಂಬನ್ನು ಮೇಜಿನ ಮೇಲಿಟ್ಟು ಅದರ ಮೇಲೆ ತಲೆಯಿಟ್ಟರು. ಗುರುವಾರದವರೆಗೂ ಕಚೇರಿಯ ವೇಳೆಯಲ್ಲಿ ಅವರಿಗೆ ಎಚ್ಚರವಾದದ್ದನ್ನು ಯಾರೂ ಕಂಡಿಲ್ಲ. ಮೇಲ್ವಿಚಾರಕಿಯವರು ತಟ್ಟಿ ಎಬ್ಬಿಸಿದಾಗ, ಮಗುವಾಗಿದ್ದಾಗಿನಿಂದ ಇಂಥ ನಿದ್ದೆ ಮಾಡಿರಲಿಲ್ಲವೆಂದೂ ತಲೆಯೊಳಗೆ ಏನೂ ಉಳಿದಿಲ್ಲವೆಂದೂ ಅವರು ಸಂತೋಷದಿಂದ ತಿಳಿಸಿದರು. ದಿಂಬಿನ ಗುಣಮಟ್ಟದ ಬಗ್ಗೆ ನನಗೆ ಹೆಮ್ಮೆಯೆನಿಸಿತು. ಹೆಸರು ತಿರಸ್ಕೃತವಾಯಿತು.

ಮೂರನೆಯ ಸಲ ಅತ್ತಿಗೆ ನನ್ನನ್ನು ನಂಬಲಿಲ್ಲ. ಸೋಮವಾರ ತಾವೇ ಹೋಗಿ ಎರಡೂ ಕಿವಿಯಲ್ಲಿ ಹೇಳಿ, ಗುಮಾಸ್ತರ ಮನೆಯ ವಿಚಾರವನ್ನೂ ಕೇಳಿಕೊಂಡು ಬಂದರು. ಗುರುವಾರ ತಿಂಗಳ ಕೊನೆಯ ದಿನ. ಮೇಲ್ವಿಚಾರಕಿಯವರು ಹೆಸರು ಕೇಳಿದರು, ಗುಮಾಸ್ತರು ಫ್ಯಾನು ನೋಡತೊಡಗಿದರು. ಅತ್ತಿಗೆಗೆ ತಡೆಯಲಾಗಲಿಲ್ಲ.

“ದಿನಾ ನಿಮ್ಮ ಊಟದ ಡಬ್ಬಿ ತುಂಬಿ ಕಳಿಸೋರು ಯಾರು?” ಎಂದರು.

“ನಮ್ಮ ಅತ್ತಿಗೆ.”

“ತಲೆ ಇಟ್ಕೊಂಡು ಮಲಗೋದು ಯಾವುದರ ಮೇಲೆ?”

“ದಿಂಬಿನ ಮೇಲೆ.”

“ಈಗ ಎರಡನ್ನೂ ಸೇರಿಸಿ ಹೇಳಿ ನೋಡೋಣ.”

ಗುಮಾಸ್ತರು ಪ್ರಾಮಾಣಿಕವಾಗಿ ಯೋಚಿಸಿದರು. ಅವರ ಹಣೆಯ ಮೇಲೆ ಬೆವರು ಬಂದದ್ದನ್ನು ನಾನೇ ನೋಡಿದೆ. “ನಮ್ಮ ಅತ್ತಿಗೆಗೆ ಕತ್ತುನೋವು, ಅವರು ದಿಂಬು ಹಾಕ್ಕೊಳ್ಳಲ್ಲ” ಎಂದರು.

ಎರಡೂ ಪದಗಳು ಬಂದಿವೆಯಲ್ಲ ಎಂದು ನಾನು ವಿನಯದಿಂದ ಗಮನ ಸೆಳೆದೆ. ಮೇಲ್ವಿಚಾರಕಿಯವರು ಕಡತ ತೆಗೆದು ಪರಿಶೀಲಿಸಿ, ಪದಗಳ ನಡುವೆ ಕತ್ತುನೋವು ಬಂದಿರುವುದರಿಂದ ಇದನ್ನು ಪರಿಗಣಿಸಲಾಗದು ಎಂದರು. ಅವರು ಹೇಳಿದ್ದು ನ್ಯಾಯವೇ ಆಗಿತ್ತು.

ಅತ್ತಿಗೆ ಕೂಗಾಡಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು, ಗುಮಾಸ್ತರ ಮುಖವನ್ನೇ ನೋಡಿ, “ನಿಮ್ಮ ಜೊತೆ ಮಾತಾಡೋದೂ ಒಂದೇ, ಗೋಡೆ ಜೊತೆ ಮಾತಾಡೋದೂ ಒಂದೇ” ಎಂದರು. ಮನೆಯಲ್ಲಿ ನನಗೆ ಈ ಮಾತನ್ನು ದಿನಕ್ಕೆ ಎರಡು ಸಲವಾದರೂ ಹೇಳುತ್ತಾರೆ, ಹಾಗಾಗಿ ನನಗೆ ವಿಶೇಷವೇನೂ ಅನ್ನಿಸಲಿಲ್ಲ.

ತಿರಸ್ಕೃತ ಮುದ್ರೆ ಒತ್ತಲು ಹೋದರೆ ಶಾಯಿ ಒಣಗಿತ್ತು. ಶಾಯಿ ತರಲು ಹೋದವರು ಚಹಾ ಕುಡಿದು ಬಂದರು. ಅರ್ಧ ಗಂಟೆ ಕಳೆದಿದ್ದರಿಂದ, ನಿಯಮದ ಪ್ರಕಾರ, ಮುದ್ರೆ ಒತ್ತುವ ಮುನ್ನ ಮೇಲ್ವಿಚಾರಕಿಯವರು ಇನ್ನೊಮ್ಮೆ ಕೇಳಬೇಕಾಯಿತು: ಅರ್ಜಿದಾರರು ತಮಗೆ ಹೇಳಿದ್ದೇನು?

ಗುಮಾಸ್ತರು ಎದ್ದು ನಿಂತರು. ಫ್ಯಾನಿನ ಕಡೆ ನೋಡಲೇ ಇಲ್ಲ. “ನಿಮ್ಮ ಜೊತೆ ಮಾತಾಡೋದೂ ಒಂದೇ, ಗೋಡೆ ಜೊತೆ ಮಾತಾಡೋದೂ ಒಂದೇ” ಎಂದು ಒಂದೇ ಉಸಿರಿನಲ್ಲಿ, ಒಂದಕ್ಷರ ತಪ್ಪದೆ ಹೇಳಿದರು.

ಇಡೀ ಕಚೇರಿ ಎದ್ದು ನಿಂತಿತು. ಎರಡನೆಯ ಕೌಂಟರಿನವರು ಕನ್ನಡಕ ತೆಗೆದು ಒರೆಸಿಕೊಂಡರು. ಮೇಲ್ವಿಚಾರಕಿಯವರು ನಾಲ್ಕು ವರ್ಷದಿಂದ ಮುಟ್ಟದ ಮಂಜೂರಾತಿ ಪುಸ್ತಕವನ್ನು ತೆಗೆದು ಧೂಳು ಕೊಡವಿ ಬರೆಯತೊಡಗಿದರು. ಹೆಸರು ಚಿಕ್ಕದಾಗಿರತಕ್ಕದ್ದು ಎಂಬ ನಿಯಮ ಐದು ಅಡ್ಡ ಬಂತು. ಅಳತೆಯ ಗುಮಾಸ್ತರು ಟೇಪು ಹಿಡಿದು, ಅಕ್ಷರಗಳನ್ನು ಚಿಕ್ಕದಾಗಿ ಬರೆದರೆ ಹೆಸರೂ ಚಿಕ್ಕದಾಗುತ್ತದೆ ಎಂದು ತೀರ್ಮಾನಿಸಿದರು. ಹಾಗೆಯೇ ಆಯಿತು; ಎರಡು ಬೆರಳಗಲ ಬಂತು, ಡಾಟ್ ಕಾಮ್ ಸೇರಿ.

“ಅದು ಹೆಸರಲ್ಲ, ನಾನು ಬೈದಿದ್ದು” ಎಂದರು ಅತ್ತಿಗೆ.

“ಅರ್ಜಿಯಲ್ಲಿ ಬೈದಿದ್ದು ಅಂತ ಕಾಲಂ ಇಲ್ಲಮ್ಮ” ಎಂದರು ಮೇಲ್ವಿಚಾರಕಿ.

ಅತ್ತಿಗೆ ಸಹಿ ಹಾಕದೆ ನಿಂತರು. ಇಪ್ಪತ್ತು ವರ್ಷ ತಿದ್ದಿದ ಬೋರ್ಡು ಅವರ ಕಣ್ಣ ಮುಂದೆ ಬಂದಿರಬೇಕು. ಆ ಬೋರ್ಡಿನ ಹೆಸರಿನ ಮೊದಲರ್ಧ ನಾನು ಕೊಟ್ಟದ್ದು. ಆಗ ನೆನಪಿನ ಗುಮಾಸ್ತರು ಮೇಜು ಬಿಟ್ಟು ಬಂದು ಅವರ ಮುಂದೆ ಕೈಕಟ್ಟಿ ನಿಂತರು.

“ಅಮ್ಮಾ, ನನಗೆ ಜೀವನದಲ್ಲಿ ನೆನಪಿರೋದು ಇದೊಂದೇ. ಇದನ್ನ ವಾಪಸ್ ತಗೋಬೇಡಿ” ಎಂದರು.

ಅತ್ತಿಗೆ ಅವರನ್ನು ನೋಡಿದರು, ನನ್ನನ್ನು ನೋಡಿದರು, ಮನೆಯಲ್ಲಿ ದಿಂಬಿನ ನಡುವೆ ಕೆಮ್ಮುತ್ತಿರುವ ಅಮ್ಮನನ್ನು ನೆನೆದರು. ಸಹಿ ಹಾಕಿದರು.

ವಿದ್ಯಾರ್ಥಿ ನಿಲಯದವರು ಅದೇ ಸಂಜೆ ಲಾರಿ ಕಳಿಸಿ ಮುನ್ನೂರು ದಿಂಬನ್ನೂ ಒಯ್ದರು. ವಿಳಾಸವನ್ನು ಓದಿ, ಸ್ಪಷ್ಟವಾಗಿದೆ ಎಂದಷ್ಟೇ ಹೇಳಿದರು. ಅಮ್ಮ ಮೂರು ವಾರಗಳ ನಂತರ ಕೋಣೆಯಿಂದ ಹೊರಗೆ ಬಂದು, ಮನೆ ಯಾಕೆ ಇಷ್ಟು ಖಾಲಿಯಾಗಿದೆ ಎಂದು ಗೊಣಗಿದರು.

ನಿಯಮ ಹತ್ತೊಂಬತ್ತರ ಪ್ರಕಾರ ಅಂಗಡಿಯ ಬೋರ್ಡು, ಚೀಲ ಮತ್ತು ದೂರವಾಣಿಯಲ್ಲಿ ಹೇಳುವ ಮೊದಲ ಮಾತು ಮೂರೂ ಮಂಜೂರಾದ ವಿಳಾಸದಂತೆಯೇ ಇರಬೇಕು. ಬೋರ್ಡನ್ನು ಅತ್ತಿಗೆಯೇ ಸ್ಟೂಲು ಹತ್ತಿ ಬರೆದರು. ಹೆಸರು ಉದ್ದವಾದ್ದರಿಂದ ಕೊನೆಯ ಎರಡು ಪದ ಪಕ್ಕದ ಬೀಗದ ಅಂಗಡಿಯ ಗೋಡೆಯ ಮೇಲಿವೆ. ಬೀಗದವನು ತಕರಾರು ಮಾಡಿಲ್ಲ, ಅವನ ವ್ಯಾಪಾರವೂ ಹೆಚ್ಚಿದೆಯಂತೆ.

ಇವತ್ತು ಬೆಳಿಗ್ಗೆಯೂ ಫೋನು ಬಂತು. ಅತ್ತಿಗೆ ಹೊಲಿಗೆ ನಿಲ್ಲಿಸದೆ ಎತ್ತಿಕೊಂಡು, “ನಮಸ್ಕಾರ, ನಿಮ್ಮ ಜೊತೆ ಮಾತಾಡೋದೂ ಒಂದೇ, ಗೋಡೆ ಜೊತೆ ಮಾತಾಡೋದೂ ಒಂದೇ” ಎಂದರು.

“ಎರಡು ಕಳಿಸಿಕೊಡಿ ಅತ್ತಿಗೆ, ಮೆತ್ತಗಿರೋದು” ಎಂದರು ಆ ಕಡೆಯವರು.