ಚಿಲ್ಲದ ಬೀಜ ಮತ್ತು ನನ್ನ ಖಾಯಂ ನೌಕರಿ

ನಾನು ಹುಟ್ಟು ಪುಕ್ಕಲ. ಪುಕ್ಕಲರಿಗೆ ವಿಜ್ಞಾನ ಪಾಠ ಹೇಳುವ ಕೆಲಸ ಕೊಡಬಾರದು, ಏಕೆಂದರೆ ಅಲ್ಲಿ ಹೇಳಿದ್ದನ್ನೆಲ್ಲ ಮಾಡಿ ತೋರಿಸಬೇಕು. ಚರಿತ್ರೆಯ ಮೇಷ್ಟ್ರಿಗೆ ಈ ಕಷ್ಟವಿಲ್ಲ. ಸತ್ತ ರಾಜ ಎದ್ದು ಬಂದು "ಅದು ಹಾಗಲ್ಲ" ಎನ್ನುವುದಿಲ್ಲ. ಕೊಳ್ಳೇಗಾಲದ ಶಾಲೆಯಲ್ಲಿ ನಾನಾಗ ಹಂಗಾಮಿ ಮೇಷ್ಟ್ರು. ಆಗ ನಮ್ಮ ಜಿಲ್ಲಾ ಕೇಂದ್ರವಾಗಿದ್ದ ಕೊಯಮತ್ತೂರಿನಿಂದ ಇನ್ಸ್‌ಪೆಕ್ಟರು ಬಂದು ನನ್ನ ಪಾಠ ಮೆಚ್ಚಿದರೆ ಖಾಯಂ, ಇಲ್ಲವಾದರೆ ಗಂಟುಮೂಟೆ. ಎರಡು ದಿನದಿಂದ ನನಗೆ ಅನ್ನ ಇಳಿದಿರಲಿಲ್ಲ. "ಅವರೇನು ನಿಮ್ಮನ್ನ ನುಂಗ್ತಾರಾ?" ಎಂದಳು ಹೆಂಡತಿ. ನುಂಗಿದ್ದರೆ ಚಿಂತೆಯಿರಲಿಲ್ಲ, ಅವರು ಪ್ರಶ್ನೆ ಕೇಳುತ್ತಾರೆ.

ಪಾಠ ಸುಲಭದ್ದೇ. ಮರಳು ಕದಡಿದ ನೀರು ನಿಲಂಬನ. ಅದರ ಕಣ ದಪ್ಪ, ಸ್ವಲ್ಪ ಹೊತ್ತಿಗೆ ತಳ ಸೇರುತ್ತದೆ. ಕಾವೇರಿಯ ಹೊಸ ನೀರಿನ ನಯವಾದ ಜೇಡಿ ಕಲಿಲ. ಅದರ ಕಣ ಬಲು ಸಣ್ಣದು, ಎಷ್ಟು ಹೊತ್ತಿಟ್ಟರೂ ಇಳಿಯದೆ ತೇಲಿಕೊಂಡೇ ಇರುತ್ತದೆ. ಹಿಂದಿನ ದಿನವೇ ಕೆಂಪು ಹೊಳೆನೀರು ತರಿಸಿ, ದಪ್ಪ ಕಣವೆಲ್ಲ ಇಳಿದ ಮೇಲೆ ಮೇಲಿನ ಬಗ್ಗಡವನ್ನಷ್ಟೇ ಗಾಜಿನ ಲೋಟಕ್ಕೆ ಬಸಿದು, ಬೆಳಿಗ್ಗೆ ಮೇಜಿನ ಮೇಲಿಟ್ಟಿದ್ದೆ.

ಮಧ್ಯಾಹ್ನ ಇನ್ಸ್‌ಪೆಕ್ಟರು ಹಿಂದಿನ ಬೆಂಚಿನಲ್ಲಿ ಕೂತರು. ಮರಳು ಹೇಳಿದ ಹಾಗೆ ಇಳಿಯಿತು. "ಆದರೆ ಕಲಿಲ ಎಂದಿಗೂ ಇಳಿಯದು!" ಎಂದು ಗಂಭೀರವಾಗಿ ಎರಡನೆಯ ಲೋಟ ಎತ್ತಿದೆ. ತಳದಲ್ಲಿ ಕೆಸರು, ಮೇಲೆ ಕನ್ನಡಿಯಂಥ ತಿಳಿನೀರು! ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಕಣ್ಣ ಮುಂದೆ ಗಂಟು, ಮೂಟೆ, ಹೆಂಡತಿಯ ಮುಖ.

"ಇದೇಕೆ ಇಳಿಯಿತು?" ಎಂದರು ಇನ್ಸ್‌ಪೆಕ್ಟರು.

ಬಾಗಿಲಲ್ಲಿ ನಿಂತಿದ್ದ ಸತ್ತೇಗಾಲದ ಮುದುಕ, ನಮ್ಮ ಜವಾನ ಮಾದಯ್ಯ, ಕೈಮುಗಿದ.

"ನಾನೇ ಕಣ್ರಿ ಸಾ. ದೊಡ್ಡೋರು ಬರೋ ಒತ್ನಲ್ಲಿ ಬಗ್ಗಡದ ನೀರು ಮಡಗುದ್ರೆ ಇಸ್ಕೂಲಿನ ಮಾನ ಉಳಿತದಾ? ಚಿಲ್ಲದ ಬೀಜ ತೇದು ಕಲಸ್ಬುಟ್ಟೆ. ಒಸ ನೀರು ಬಂದಾಗ ನಮ್ಮೂರಲ್ಲಿ ಇಂಗೇ ಮಾಡೋದು."

ನನಗೆ ಆ ಬೀಜ ಗೊತ್ತಿಲ್ಲವೇ? ನೀರು ತಿಳಿಯಾಗಲೆಂದು ನಮ್ಮ ಮನೆಯ ಹಂಡೆಯ ಒಳಮೈಗೂ ಅಮ್ಮ ಅದನ್ನೇ ಉಜ್ಜುತ್ತಿದ್ದಳು. ಆದರೆ ಪುಸ್ತಕ ಓದಿದ ಮೇಲೆ ಅಡುಗೆಮನೆ ಮರೆತೇಹೋಗಿತ್ತು.

ಇನ್ಸ್‌ಪೆಕ್ಟರು ಎದ್ದು ಬಂದು, ಬೀಜದ ಸಾರಕ್ಕೆ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ತಳಕ್ಕಿಳಿಯುತ್ತವೆ ಎಂದು ಮಕ್ಕಳಿಗೆ ತಾವೇ ವಿವರಿಸಿದರು. ಹೋಗುವಾಗ ವರದಿಯಲ್ಲಿ ಬರೆದರು: "ಪ್ರಯೋಗ ಉತ್ತಮ. ಮೇಷ್ಟ್ರನ್ನು ಖಾಯಂ ಮಾಡಬಹುದು, ಜವಾನ ಜೊತೆಗಿರುವ ತನಕ."

ಇನ್ಸ್‌ಪೆಕ್ಟರ ಭಯ ಅಂದೇ ತಳ ಸೇರಿತು. ಆದರೆ ಮಾದಯ್ಯ ಈಗ ದಿನಾ ಪಾಠದ ಹೊತ್ತಿಗೆ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಈ ಹೊಸ ಭಯವನ್ನು ಇಳಿಸುವ ಬೀಜ ಯಾವುದೆಂದು ಅವನನ್ನೇ ಕೇಳಬೇಕು, ಕೇಳಲು ಭಯ.