ಉಗ್ರಾಣದ ಕೆಲಸಕ್ಕೆ ಒಂದು ಸಿವಿ

“ಅದನ್ನ ನಾನು ಬರೆಯಲ್ಲ,” ಎಂದು ತದಾಲ ಪೆನ್ಸಿಲ್ ಕೆಳಗಿಟ್ಟಳು.

ಲಿಂಬಾನಿ: ಯಾಕೆ? ‘ಐದು ವರ್ಷ ಊರಿನ ರೈತರ ಕ್ಲಬ್ಬಿನ ಶೇಂಗಾ ದಾಸ್ತಾನು ನೋಡಿಕೊಂಡಿದ್ದೇನೆ.’ ಇದರಲ್ಲಿ ತಪ್ಪೇನಿದೆ? ಕ್ಲಬ್ಬಿನ ಅಧ್ಯಕ್ಷ ನಾನೇ ತಾನೆ?

ತದಾಲ: ಅಧ್ಯಕ್ಷರು ನೀವೇ. ದಾಸ್ತಾನು ಯಾವತ್ತು ನೋಡಿದ್ರಿ?

ಲಿಂಬಾನಿ: ಬೀಗದ ಕೈ ನನ್ನ ಜೇಬಲ್ಲೇ ಇತ್ತಲ್ಲ.

ತದಾಲ: ಇತ್ತು. ಅದಕ್ಕೇ ಬೆಳಗಾದ್ರೆ ಉಗ್ರಾಣ ತೆಗೆಯೋಕೆ ನಿಮ್ಮ ಪ್ಯಾಂಟು ಎಲ್ಲಿದೆ ಅಂತ ಹುಡುಕೋದೇ ನನ್ನ ಕೆಲಸ ಆಗಿತ್ತು.

ಡೋವಾ ಪಟ್ಟಣದ ಶೇಂಗಾ ಮಂಡಿಯವರಿಗೆ ಉಗ್ರಾಣ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ಅರ್ಜಿ ಕೊಡಲು ಇವತ್ತೇ ಕೊನೆ. ಸಂಜೆಗೆ ಕಚೇರಿ ಮುಚ್ಚುತ್ತದೆ. ಮಗಳು ಯಾಂಕೊಗೆ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಈ ಸಂಬಳ ಮನೆಗೆ ಬಂದರೆ ಹೋಗುತ್ತಾಳೆ, ಇಲ್ಲದಿದ್ದರೆ ಇಲ್ಲ. ಹೆಂಡತಿ ತದಾಲಳ ಅಕ್ಷರ ದುಂಡಗಿತ್ತೆಂದು ಲಿಂಬಾನಿ ತನ್ನ ಸಿವಿಯನ್ನು ಅವಳಿಂದ ಬರೆಸುತ್ತಿದ್ದ. ಅಕ್ಷರದ ಜೊತೆಗೆ ನಾಲಿಗೆಯೂ ಬರುತ್ತದೆಂಬುದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಲಿಂಬಾನಿ: ಯಾಂಕೊ ಅಮ್ಮ, ಸಿವಿ ಅಂದ್ರೆ ಸ್ವಲ್ಪ ಏರಿಸಿ ಬರೀಬೇಕು. ಎಲ್ಲರೂ ಹಾಗೇ ಮಾಡ್ತಾರೆ.

ತದಾಲ: ಪಕ್ಕದ ಮನೆ ಚಿಸಾಲೆ ಅಕ್ಕನ ಮಗನೂ ಹಾಗೇ ಮಾಡಿದ್ದ. ಮಂಡಿಯ ಮ್ಯಾನೇಜರು ಅವನ ಅಂಗೈಗೆ ನಾಲ್ಕು ಶೇಂಗಾ ಹಾಕಿ, ಒಣಗಿದೆಯಾ ಹೇಳಪ್ಪ ಅಂದ್ರು. ಪಾಪ, ಬಾಯಿಗೆ ಹಾಕಿಕೊಂಡು ಚೆನ್ನಾಗಿದೆ ಸಾರ್ ಅಂದ.

ಲಿಂಬಾನಿ ನಗಬೇಕೆಂದುಕೊಂಡ, ಆದರೆ ತನ್ನ ಉತ್ತರವೂ ಅದೇ ಆಗಿರುತ್ತಿತ್ತು.

ಲಿಂಬಾನಿ: ಸರಿ, ‘ನಾವು ನೋಡಿಕೊಂಡೆವು’ ಅಂತ ಬರಿ.

ತದಾಲ: ಬೀಜ ಮುರಿದು ತೇವ ಹೇಳ್ತಿದ್ದದ್ದು ಯಾರು?

ಲಿಂಬಾನಿ: ನೀನು.

ತದಾಲ: ಇಲಿ ಬಂದಾಗ ಚೀಲ ಎಲ್ಲ ಎತ್ತಿಸಿ ಹಲಗೆ ಹಾಕಿಸಿದ್ದು?

ಲಿಂಬಾನಿ: ನಾನು ಅಲ್ಲೇ ನಿಂತಿದ್ದೆ.

ತದಾಲ: ಹಲಗೆ ಮೇಲೆ ನಿಂತಿದ್ರಿ.

ಲಿಂಬಾನಿ: ಜನರನ್ನ ನಡೆಸಿದ ಅನುಭವ ಕೇಳಿದ್ದಾರೆ. ಅದಾದ್ರೂ ನನ್ನದು. ಸಭೆಯಲ್ಲೆಲ್ಲ ಭಾಷಣ ಮಾಡಿದ್ದು ನಾನು.

ತದಾಲ: ಖಂಡಿತ ನಿಮ್ಮದೇ. ನೀವು ಭಾಷಣ ಮುಗಿಸೋ ಹೊತ್ತಿಗೆ ನಾವು ಹೆಂಗಸರು ಅದರಲ್ಲಿ ಹೇಳಿದ ಕೆಲಸ ಮುಗಿಸಿರ್ತಿದ್ವಿ.

ಲಿಂಬಾನಿ: ತಕ್ಕಡಿಯಲ್ಲಿ ಮೋಸ ಮಾಡಿದ ವ್ಯಾಪಾರಿಯನ್ನ ಓಡಿಸಿದ್ದು?

ತದಾಲ ಅವನ ಮುಖವನ್ನೇ ನೋಡಿದಳು.

ಲಿಂಬಾನಿ: ನೀನೇ, ಗೊತ್ತು. ನಾನು ಅವನಿಗೆ ಕುರ್ಚಿ ತಂದುಕೊಟ್ಟಿದ್ದೆ. ಹೋಗ್ಲಿ, ಹೈಸ್ಕೂಲಿನ ಕೊನೇ ಪರೀಕ್ಷೆ, ಫಾರ್ಮ್ ಫೋರ್, ಪಾಸು ಅಂತಾದ್ರೂ ಬರಿ. ಸರ್ಟಿಫಿಕೇಟೇ ಇದೆ.

ತದಾಲ: ಬರೆದಿದ್ದೇನೆ. ನಾನೂ ಅದೇ ವರ್ಷ ಪಾಸಾಗಿದ್ದು. ನಿಮ್ಮ ಮುಂದಿನ ಡೆಸ್ಕು.

ಆ ಡೆಸ್ಕು ಮುಂದಿದ್ದದ್ದರಿಂದಲೇ ತಾನು ಪಾಸಾಗಿದ್ದೆಂದು ಲಿಂಬಾನಿ ಇಷ್ಟು ವರ್ಷವೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಕಾಗದ ತೆಗೆದುಕೊಂಡು ಮೇಲಿಂದ ಕೆಳಗಿನವರೆಗೆ ಓದಿದ. ತೇವ ಗುರುತಿಸುವುದು, ಚೀಲ ಜೋಡಿಸುವುದು, ತೂಕ ನೋಡುವುದು, ಜಗಳ ಬಿಡಿಸುವುದು, ಮಾಡಿದ್ದು ಯಾರೆಂದು ಹೇಳದೆ ತದಾಲ ಬರೆದಿದ್ದ ಒಂದೊಂದು ಕೆಲಸವೂ ಅಚ್ಚುಕಟ್ಟಾಗಿತ್ತು.

ಲಿಂಬಾನಿ: ಎಂಥ ಕೆಲಸದ ಆಳಪ್ಪ ಇದು. ನಾನು ಮ್ಯಾನೇಜರಾಗಿದ್ರೆ ನಾಳೆಯೇ ಬಾ ಅಂತಿದ್ದೆ.

ತದಾಲ: ಸುಳ್ಳೆಲ್ಲ ತೆಗೆದಾಯ್ತಲ್ಲ, ಹೊರಡಿ.

ಲಿಂಬಾನಿ: ಇನ್ನೂ ಒಂದು ಉಳಿದಿದೆ.

ಅವನು ರಬ್ಬರ್ ತೆಗೆದುಕೊಂಡು ಎಲ್ಲಕ್ಕಿಂತ ಮೇಲಿನ ಸಾಲನ್ನು, ತನ್ನ ಹೆಸರನ್ನು, ಉಜ್ಜತೊಡಗಿದ.

ತದಾಲ: ಏನ್ ಮಾಡ್ತಿದ್ದೀರಿ? ಹೆಂಗಸರಿಗೆ ಕೊಡ್ತಾರಾ?

ಲಿಂಬಾನಿ: ಗಂಡಸರೇ ಬೇಕು ಅಂತ ಎಲ್ಲೂ ಬರೆದಿಲ್ಲ. ನಿನ್ನ ಹೆಸರು ಹಾಕು, ಬೇಗ. ಸೈಕಲ್ ನಾನು ತುಳಿಯುತ್ತೇನೆ, ನೀನು ಹಿಂದೆ ಕೂತ್ಕೋ.

ತದಾಲ ಪೆನ್ಸಿಲ್ ಎತ್ತಿಕೊಂಡು ಹೆಸರು ಬರೆದಳು. ಅಕ್ಷರ ದುಂಡಗೇ ಬಂತು. ಲಿಂಬಾನಿ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ.

ಲಿಂಬಾನಿ: ಇಷ್ಟು ದೊಡ್ಡ ಸಿವಿಯಲ್ಲಿ ನಾನು ಒಂದು ಕಡೆಯೂ ಇಲ್ವಲ್ಲ.

ತದಾಲ: ಇದ್ದೀರಲ್ಲ, ಇಲ್ಲಿ ನೋಡಿ. ‘ಮದುವೆಯಾಗಿದೆಯೇ: ಹೌದು.’